ಈಶ್ವರಪ್ಪನವರ ಮಡಿಕೆ

ಮೀನಿನ ವಾಸನೆ, ಆದರೆ ಪರ್ತ್ ಪಕ್ಕದ ಫ್ರೀಮ್ಯಾಂಟಲ್ ಬಂದರಿನ ಮೀನಿನ ವಾಸನೆಯಲ್ಲ ಇದು, ಅಲ್ಲಿ ಎಣ್ಣೆಯಲ್ಲಿ ಕರಿದದ್ದು, ಇಲ್ಲಿ ಗಾಳಿಗೆ ಒಣಗಿದ್ದು, ಮರದ ಗೋಡೆಗಳೊಳಗೆ ಇಳಿದು ಇನ್ನು ಯಾವ ಕಾಲಕ್ಕೂ ಹೊರಡುವುದಿಲ್ಲ ಎಂದು ಕೂತದ್ದು, ಮೂಗು ಮುಚ್ಚಿಕೊಳ್ಳುವ ಪೈಕಿ ನಾನಲ್ಲ, ಹಾಗೆ ಮುಚ್ಚಿಕೊಳ್ಳುವವಳಾಗಿದ್ದರೆ ಮೈಸೂರಿನ ಮಡಿ ಮನೆಯಿಂದ ಪಶ್ಚಿಮ ಆಸ್ಟ್ರೇಲಿಯಾದ ಗಣಿಗಳವರೆಗೆ ಬರುತ್ತಲೇ ಇರಲಿಲ್ಲ — ಬೆಳಗಿನ ಎಂಟು ಗಂಟೆ, ಇಡೀ ಊರಿಗೆ ಬೀದಿ ಒಂದೇ, ಈ ತುದಿಯಲ್ಲಿ ಚರ್ಚು, ಆ ತುದಿಯಲ್ಲಿ ದೋಣಿಕಟ್ಟೆ, ನಡುವೆ ಬಿಳಿ ಮನೆ, ಕೆಂಪು ಮನೆ, ಮತ್ತೆ ಬಿಳಿ ಮನೆ, ಕಿಟಕಿಗೊಂದು ದೀಪ ಹಗಲಲ್ಲೇ ಉರಿಯುತ್ತದೆ, ಪರದೆ ಇಲ್ಲ, ಒಳಗೆ ಯಾರು ಕಾಫಿ ಕುಡಿಯುತ್ತಿದ್ದಾರೆ ಎಂದು ನೋಡಿಕೊಂಡೇ ಹೋಗಬಹುದು, ನೋಡುತ್ತಿದ್ದೇನೆ, ನಾಚಿಕೆಯೇನಿಲ್ಲ. ಎದುರಿಗೆ ಬಂದ ಹೆಂಗಸಿಗೆ ಅಭ್ಯಾಸಬಲದಿಂದ ಹೌ ಯಾ ಗೋಯಿಂಗ್ ಎಂದೆ, ಪರ್ತ್‌ನಲ್ಲಿ ಪಕ್ಕದ ಮನೆಯ ನಾಯಿಗೂ ಹಾಗೇ ಹೇಳುತ್ತೇವೆ, ಆಕೆ ನಿಂತೇಬಿಟ್ಟಳು, ಇವಳಿಗೆ ನನ್ನಿಂದ ಏನಾಗಬೇಕು ಎನ್ನುವ ಮುಖ, ಆಮೇಲೆ ಕೈಚೀಲ ಎದೆಗವುಚಿಕೊಂಡು ರಸ್ತೆಯ ಆ ಬದಿಗೆ ದಾಟಿದಳು, ದಾಟಲಿ. ಮೊನ್ನೆ ಈ ದೇಶದ ವಿಮಾನ ನಿಲ್ದಾಣದಲ್ಲಿ ಇದಕ್ಕಿಂತ ದೊಡ್ಡ ಪ್ರಹಸನವಾಯಿತು, ಇಪ್ಪತ್ತಾರು ವರ್ಷ ಆಸ್ಟ್ರೇಲಿಯಾದಲ್ಲಿದ್ದವಳಿಗೆ ತಿನ್ನುವ ಪದಾರ್ಥ ಚೀಲದಲ್ಲಿಟ್ಟುಕೊಂಡು ಸುಮ್ಮನೆ ಹೊರಗೆ ನಡೆಯಲು ಕಾಲು ಬರುವುದಿಲ್ಲ, ಮರೆತು ಒಂದು ಸೇಬು ಉಳಿದರೂ ದಂಡ ಹಾಕುವ ದೇಶ ನಮ್ಮದು, ಹಾಗಾಗಿ ತಿನಿಸು ತಂದವರು ತೋರಿಸಿ ಹೋಗಬೇಕಾದ ಕೆಂಪು ಬಾಣದ ದಾರಿ ಹಿಡಿದು, ನಾಗವೇಣಿ ಆಂಟಿ ಕೊಟ್ಟ ಚಟ್ನಿಪುಡಿ ಪೊಟ್ಟಣ ಕೈಯಲ್ಲೆತ್ತಿಕೊಂಡು, ಖಾಲಿ ಮೇಜಿನ ಮುಂದೆ ಹತ್ತು ನಿಮಿಷ ನಿಂತೆ, ಯಾರಾದರೂ ಇದ್ದೀರಾ, ಯಾರೂ ಇರಲಿಲ್ಲ, ಕೊನೆಗೆ ನೆಲ ಒರೆಸುವವನು ಬಂದು ಹೋಗಮ್ಮಾ ಎಂಬಂತೆ ಕೈಬೀಸಿದ, ಇದನ್ನು ಆಂಟಿಗೆ ಹೇಳಿದರೆ ಒಂದು ವಾರ ನಗುತ್ತಾರೆ. ನಾಗವೇಣಿ ಆಂಟಿ ಎಂದರೆ ಈಶ್ವರಪ್ಪ ಸರ್ ಹೆಂಡತಿ, ಈಶ್ವರಪ್ಪ ಸರ್ ಎಂದರೆ ನನಗೆ ಕಲ್ಲು ಓದಲು ಕಲಿಸಿದವರು, ಭೂಮಿಯ ಬಡಗಣ ತುದಿಯ ಈ ಊರಿಗೆ ನಾನು ಬಂದದ್ದೂ ಅವರಿಂದಲೇ, ನಮ್ಮ ಕಂಪನಿಯವರು ಸಂಕೇತ್‌ನನ್ನು ಕಳಿಸೋಣ ಎಂದಿದ್ದರು, ಹುಡುಗ ಚುರುಕು, ಲ್ಯಾಪ್‌ಟಾಪ್ ಹಿಡಿದು ಎರಡು ದಿನದಲ್ಲಿ ಮುಗಿಸಿ ಬರುತ್ತಾನೆ, ಸರ್ ಮಾತ್ರ ಮೀಟಿಂಗಿನಲ್ಲಿ ಮೇಜು ತಟ್ಟಿ, ಬೇಡ, ಸುಭದ್ರಾನೇ ಹೋಗ್ಲಿ ಎಂದರು, ಎಪ್ಪತ್ತೇಳರ ವಯಸ್ಸಿನಲ್ಲೂ ಅವರು ಮೇಜು ತಟ್ಟಿದರೆ ಯಾರೂ ಮಾತಾಡುವುದಿಲ್ಲ, ನನಗೆ ಒಳಗೊಳಗೇ ಹೆಮ್ಮೆ. ನಿನ್ನೆ ಸಂಜೆ ಬಂದಿದ್ದೇನೆ, ಇವತ್ತೊಂದು ದಿನ ಕಲ್ಲು ನೋಡುವುದು, ನಾಳೆ ಬೆಳಗಿನ ದೋಣಿಗೆ ವಾಪಸು, ಶುಕ್ರವಾರ ವರದಿ, ವರದಿಯಲ್ಲಿ ಎಲ್ಲರೂ ಕಾಯುತ್ತಿರುವುದು ಒಂದೇ ಸಾಲಿಗೆ, ಈಶ್ವರಪ್ಪನವರು ಹೇಳಿದ್ದು ಸರಿ, ತಾಮ್ರಕ್ಕೆ ಕೊರೆಯಬಹುದು.

ಬೀಗದ ಕೈ ಕೊರಳಿಗೆ ದಾರ ಕಟ್ಟಿ ಹಾಕಿಕೊಂಡವನು ಓಡ್ವಾರ್, ಉಗ್ರಾಣದ ಬಾಗಿಲಲ್ಲಿ ನಿಂತಿದ್ದಾನೆ, ಸರ್‌ದೇ ವಯಸ್ಸು, ಉಣ್ಣೆಯ ಟೋಪಿ, ಮಾತು ಅಳೆದು ತೂಗಿ, ಒಂದು ವಾಕ್ಯ ಹೇಳಿ ಅದು ಕಡಲು ದಾಟಿ ಹೋಗುವವರೆಗೆ ಕಾಯುತ್ತಾನೆ. ಮೊದಲು ಇಲ್ಲಿ ಮೀನಿಗೆ ಉಪ್ಪು ಹಾಕುತ್ತಿದ್ದರಂತೆ, ಈಗ ಕಲ್ಲಿನ ಪೆಟ್ಟಿಗೆಗಳು, ಒಂದರ ಮೇಲೊಂದು, ಮೂವತ್ತಾರು ವರ್ಷದಿಂದ ಯಾರೂ ತೆಗೆದಿಲ್ಲ ಎಂದ, ನೀನೇ ಮೊದಲು, ಅಂದರೆ ಅವನ ಆಮೇಲೆ, ಅವನು ಎಂದರೆ ಸರ್, ಆ ಇಂಡಿಯಾದವನು ಎಂದೇ ಹೇಳುತ್ತಾನೆ, ಬೇಯಿಸಿದ ಆಲೂಗಡ್ಡೆಗೆ ತನ್ನದೇ ಕೆಂಪು ಪುಡಿ ಹಚ್ಚಿಕೊಂಡು ತಿನ್ನುತ್ತಿದ್ದ, ನನಗೂ ಕೊಟ್ಟ, ಖಾರಕ್ಕೆ ಅತ್ತೇಬಿಟ್ಟೆ ಎಂದ. ನಗುವುದಿಲ್ಲ ಓಡ್ವಾರ್, ಮುಖದ ಒಂದು ಬದಿ ಮಾತ್ರ ಸ್ವಲ್ಪ ಸಡಿಲವಾಗುತ್ತದೆ. ಹೊರಗೆ ಮೇಜು ಹಾಕಿಸಿದೆ, ಹದಿನೈದನೆಯ ಪೆಟ್ಟಿಗೆ ಮೊದಲು ತಾ ಎಂದೆ, ತಾಮ್ರ ಇರುವುದು ಐದರಿಂದ ಹದಿನೈದರವರೆಗಿನ ಪೆಟ್ಟಿಗೆಗಳಲ್ಲಿ, ಆಳದಿಂದ ಮೇಲಕ್ಕೆ ಬರುವುದು ನನ್ನ ರೂಢಿ, ಬಾವಿಯಿಂದ ಹತ್ತಿ ಬಂದ ಹಾಗೆ. ಪೆಟ್ಟಿಗೆಯಲ್ಲಿ ಐದು ಸಾಲು, ಸಾಲಿಗೊಂದು ಮೀಟರ್, ಭೂಮಿಯೊಳಗೆ ಕೊಳವೆ ಇಳಿಸಿ ತೆಗೆದ ಕಲ್ಲಿನ ಕೋಲು, ಮುರಿದ ಕಬ್ಬಿನ ಜಲ್ಲೆಯ ಹಾಗೆ ತುಂಡು ತುಂಡು, ಕಪ್ಪು, ನಡುನಡುವೆ ಹಿತ್ತಾಳೆಯಂತೆ ಮಿನುಗುವ ಪಟ್ಟಿ, ಅದೇ ತಾಮ್ರ. ಕೈಗವಸು ಬಿಚ್ಚಿ ಒಂದು ತುಂಡು ಎತ್ತಿ ನೆಕ್ಕಿದೆ. ಓಡ್ವಾರ್ ಹುಬ್ಬೇರಿಸಲಿಲ್ಲ, ಅವನು ಕೊರೆಯುವ ತಂಡದಲ್ಲಿದ್ದವನು, ಕಲ್ಲು ನೆಕ್ಕುವವರನ್ನು ಕಂಡಿದ್ದಾನೆ, ಒಣಗಲ್ಲು ಬಾಯಿ ಬಿಡುವುದಿಲ್ಲ, ಒದ್ದೆಯಾದರೆ ಕಣಕಣ ಕಾಣುತ್ತದೆ, ನೀರಿನ ಬಾಟಲಿಗಿಂತ ನಾಲಿಗೆ ಹತ್ತಿರ. ಅಜ್ಜಿ ನೋಡಬೇಕಿತ್ತು, ಲೋಟ ಎತ್ತಿ ಕುಡಿಯೇ, ಕಚ್ಚಿ ಕುಡೀಬೇಡ, ಎಂಜಲು, ಎಂಜಲು, ಎಂದು ಹಗಲೆಲ್ಲ ಹೇಳುತ್ತಿದ್ದವಳು, ಅವಳ ಮೊಮ್ಮಗಳು ನಲವತ್ತು ಕೋಟಿ ವರ್ಷದ ಕಲ್ಲಿಗೆ ಎಂಜಲು ಹಚ್ಚುತ್ತಿದ್ದಾಳೆ, ಅದಕ್ಕೆ ಸಂಬಳ ಬೇರೆ. ಉಪ್ಪು, ಕಬ್ಬಿಣ, ಸ್ವಲ್ಪ ಮೀನು, ಇದು ಉಗ್ರಾಣದ ಮೀನೇ ಇರಬೇಕು.

ಸರ್ ಇಲ್ಲಿಗೆ ಬಂದಾಗ ಅವರಿಗೆ ನಲವತ್ತು, ಕೋಲಾರದ ಚಿನ್ನದ ಗಣಿ ಬಡವಾಗುತ್ತಿದ್ದ ಕಾಲ, ಇವತ್ತು ಒಬ್ಬ ಮನೆಗೆ ಹೋದ, ನಾಳೆ ಇನ್ನೊಬ್ಬ, ಆರು ತಿಂಗಳ ಫೆಲೋಶಿಪ್ ಸಿಕ್ಕಿತೆಂದು ಗಣಿಯ ಕ್ವಾರ್ಟರ್ಸ್‌ನಲ್ಲಿ ಬಸುರಿ ಹೆಂಡತಿಯನ್ನು ಬಿಟ್ಟು ಈ ಚಳಿಗೆ ಬಂದರು, ಈ ಪೆಟ್ಟಿಗೆಗಳನ್ನೇ ಒಂದೊಂದಾಗಿ ಓದಿದರು, ಓದಿ ಕಂಡದ್ದೇ ಈಶ್ವರಪ್ಪನವರ ಮಡಿಕೆ, ನಮ್ಮ ಕಸುಬಿನಲ್ಲಿ ಹೆಸರು ಹಾಗೇ ಬಿದ್ದುಬಿಟ್ಟಿದೆ. ಸಂಕೇತ್‌ಗೆ ಅದನ್ನು ಮೊದಲ ಸಲ ವಿವರಿಸಿದವಳೂ ನಾನೇ, ಲೋಟದಲ್ಲಿ ಹೊಳೆಯ ನೀರು ಹಿಡಿದಿಟ್ಟರೆ ಏನಾಗತ್ತೆ ಹೇಳು, ಮರಳು ಕೆಳಗೆ, ಕೆಸರು ಮೇಲೆ, ಕಡಲ ತಳದ ಕಲ್ಲಿನ ಪದರವೂ ಅಷ್ಟೇ, ದಪ್ಪ ಕಣ ಕೆಳಗೆ, ಸಣ್ಣ ಕಣ ಮೇಲೆ, ಎಲ್ಲಾದರೂ ದಪ್ಪ ಮೇಲಿದ್ದು ಸಣ್ಣದು ಕೆಳಗಿದ್ದರೆ ಆ ಪದರ ಮಗುಚಿದೆ ಅಂತ ಅರ್ಥ. ಸರ್ ನೋಡಿದರು, ಒಂದು ಸಾಲಿನಲ್ಲಿ ಪದರ ನೆಟ್ಟಗಿದೆ, ಮುಂದಿನ ಸಾಲಿನಲ್ಲಿ ಮಗುಚಿದೆ, ಅದರ ಮುಂದಿನದರಲ್ಲಿ ಮತ್ತೆ ನೆಟ್ಟಗೆ, ಮತ್ತೆ ಮಗುಚಿ, ಅಂದರೆ ಇಲ್ಲಿ ಭೂಮಿ ಸೀರೆಯ ನಿರಿಗೆಯ ಹಾಗೆ ಮಡಿಕೆ ಮಡಿಕೆಯಾಗಿದೆ, ತೆಳು ಪಟ್ಟಿಯಂತೆ ಕಾಣುವ ತಾಮ್ರ ಮಡಿಕೆಯ ಮೇಲೆ ಮಡಿಕೆ ಬಿದ್ದು ಊರೆದುರು ಒಳಚಾಚಿದ ಈ ಕಡಲತೋಳಿನ ಅಡಿಯಲ್ಲಿ ದಪ್ಪಗೆ ಸೇರಿಕೊಂಡಿರಬೇಕು ಎಂದು ಬರೆದರು. ಆ ಲೇಖನವೇ ಅವರನ್ನು ಪರ್ತ್‌ಗೆ ಕರೆಸಿತು, ಕೆಲಸ, ಮನೆ, ಹೆಸರು, ಅವರ ಹಿಂದೆ ನಾನು, ನನ್ನ ಹಿಂದೆ ಇನ್ನೆಷ್ಟು ಜನ, ಆಗ ತಾಮ್ರಕ್ಕೆ ಬೆಲೆಯಿರಲಿಲ್ಲ, ಕೊರೆದು ನೋಡುವ ಧೈರ್ಯ ಯಾರೂ ಮಾಡಲಿಲ್ಲ, ಈಗ ಬೆಲೆಯಿದೆ, ವಸಂತಕ್ಕೆ ಯಂತ್ರ ಬರುತ್ತದೆ, ಆ ಆಳದ ರಂಧ್ರಕ್ಕೆ ಸರ್ ಹೆಸರೇ ಇಟ್ಟಿದ್ದಾರೆ, ಮುಂದಿನ ತಿಂಗಳು ಅಡಿಲೇಡ್‌ನಲ್ಲಿ ಭೂವಿಜ್ಞಾನಿಗಳೆಲ್ಲ ಸೇರಿ ಅವರಿಗೆ ಸನ್ಮಾನ ಮಾಡುತ್ತಾರೆ, ಅಲ್ಲಿಯ ಗ್ಲೆನೆಲ್ಗ್ ತೀರದಲ್ಲಿ ಸಮುದ್ರ ಕಾಣುವ ರೂಮು, ಆಂಟಿ ಆಗಲೇ ಸೀರೆ ತೆಗೆದಿಟ್ಟಿದ್ದಾರೆ, ನವಿಲು ಬಣ್ಣ, ಇದು ಜಾಸ್ತಿ ಆಯ್ತೇನೇ ಸುಭದ್ರಾ, ನಂಗೇನು ಮದುವೆಯಾ, ಎಂದು ನನ್ನನ್ನೇ ಕೇಳಿದರು, ಜಾಸ್ತಿ ಏನಿಲ್ಲ ಆಂಟಿ, ಉಟ್ಕೊಳ್ಳಿ ಎಂದಿದ್ದೆ.

ಮೊದಲು ಕೂಡಿಸು, ಆಮೇಲೆ ಮಾತಾಡು — ಇದು ಸರ್ ಕಲಿಸಿದ ಮೊದಲ ಪಾಠ, ತುಂಡಿನ ಒಡೆದ ಮುಖಕ್ಕೆ ಮುಂದಿನ ತುಂಡಿನ ಒಡೆದ ಮುಖ ಕೂಡಬೇಕು, ಒಡೆದ ಬಳೆಯ ಚೂರುಗಳ ಹಾಗೆ, ಕೂಡದಿದ್ದರೆ ಏನೋ ಕಳೆದಿದೆ ಅಥವಾ ಏನೋ ತಿರುಗಿದೆ, ಎಲ್ಲರೂ ಈಗ ಫೋಟೋ ತೆಗೆದು ಕಂಪ್ಯೂಟರಿಗೆ ಕೊಡುತ್ತಾರೆ, ನಾನು ಕೂಡಿಸುತ್ತೇನೆ, ಅದಕ್ಕೇ ನಾನು ನಿಧಾನ, ಅದಕ್ಕೇ ನಾನು ತಪ್ಪುವುದಿಲ್ಲ, ಜಂಬ ಎಂದುಕೊಳ್ಳುವವರು ಎಂದುಕೊಳ್ಳಲಿ. ಹದಿನೈದನೆಯ ಪೆಟ್ಟಿಗೆ, ಮೊದಲ ಸಾಲಿನ ತುಂಡುಗಳು ಒಂದಕ್ಕೊಂದು ಸರಾಗ ಕೂಡಿದವು, ಬಲಗಡೆಯ ತುದಿಗೆ ಬಂದೆ, ಎರಡನೆಯ ಸಾಲಿನ ಎಡಗಡೆಯ ತುಂಡು ಎತ್ತಿ ಹಿಡಿದೆ, ಪುಸ್ತಕದ ಸಾಲು ಓದುವ ಹಾಗೆ ತಾನೆ ಓದುವುದು, ಕೂಡಲಿಲ್ಲ, ಇದರ ಮುಖ ಓರೆ, ಅದರದ್ದು ಚಪ್ಪಟೆ, ಸರಿ, ನಡುವೆ ಒಂದು ಚೂರು ಕಳೆದಿದೆ, ಮೂವತ್ತಾರು ವರ್ಷವೆಂದರೆ ಇಲಿ ಹೆಗ್ಗಣ ಮಕ್ಕಳು ಮರಿ. ಎರಡರಿಂದ ಮೂರಕ್ಕೂ ಕೂಡಲಿಲ್ಲ. ಮೂರರಿಂದ ನಾಲ್ಕಕ್ಕೂ. ಅಷ್ಟು ಅಚ್ಚುಕಟ್ಟಾಗಿ ಪ್ರತಿ ಸಾಲಿನ ತುದಿಯಲ್ಲೇ ಕಳೆಯುವ ಚೂರು ಎಲ್ಲಿಯದು. ಕೈ ತಾನಾಗಿಯೇ ಹೋಯಿತು, ಎರಡನೆಯ ಸಾಲಿನ ಬಲತುದಿಯ ತುಂಡು ಎತ್ತಿ ಮೊದಲ ಸಾಲಿನ ಬಲತುದಿಗೆ ಹಿಡಿದೆ, ಟಕ್, ಕೂಡಿತು, ಕೂದಲು ತೂರಿಸಲು ಜಾಗವಿಲ್ಲ. ಎರಡನೆಯ ಸಾಲಿನ ಎಡತುದಿ ಮೂರನೆಯದರ ಎಡತುದಿಗೆ, ಟಕ್. ಮೂರರ ಬಲ ನಾಲ್ಕರ ಬಲಕ್ಕೆ, ಟಕ್. ಓಡ್ವಾರ್, ಕಲ್ಲು ಪೆಟ್ಟಿಗೆಗೆ ಹಾಕಿದವರು ಯಾರು ಎಂದೆ. ನಾವು. ಹೇಗೆ ಹಾಕ್ತಿದ್ರಿ, ಪ್ರತಿ ಸಾಲೂ ಎಡದಿಂದ ಬಲಕ್ಕಾ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ಕಡಲ ಕಡೆ ನೋಡಿದ, ನಾವು ಬೇಸಿಗೆಯಲ್ಲಿ ಕೊರೆಯುತ್ತಿದ್ದೆವು, ಚಳಿಗಾಲದಲ್ಲಿ ಮೀನಿಗೆ ಹೋಗುತ್ತಿದ್ದೆವು, ಗಾಳದ ಉದ್ದ ಹಗ್ಗವನ್ನು ತೊಟ್ಟಿಯಲ್ಲಿ ಹೇಗೆ ಹಾಕುತ್ತೇವೋ ಹಾಗೆ, ಕೈ ಆಡಿಸಿ ತೋರಿಸಿದ, ಈ ತುದಿಗೆ ಹೋಗಿ, ತಿರುಗಿ, ಹಿಂದಕ್ಕೆ ಬಂದು, ತಿರುಗಿ, ಎತ್ತಿ ಎತ್ತಿ ಇಡುವುದಿಲ್ಲ, ಎತ್ತಿದರೆ ಹಗ್ಗ ಗೋಜಲಾಗುತ್ತದೆ. ಇದು ಕಲ್ಲು ಓಡ್ವಾರ್, ಹಗ್ಗವಲ್ಲ. ಹೌದು ಎಂದ. ಯಾರೂ ಕೇಳಲಿಲ್ಲ ಎಂದ.

ಯಾರೂ ಕೇಳಲಿಲ್ಲ, ಸರ್ ಕೇಳಲಿಲ್ಲ, ಅಂಕಿ ಬರೆದದ್ದು ಪೆಟ್ಟಿಗೆಯ ಮುಚ್ಚಳದ ಮೇಲೆ ಮಾತ್ರ, ಸಾಲಿಗೆ ಗುರುತಿಲ್ಲ, ಕೋಲಾರದಲ್ಲಿ ಪ್ರತಿ ಸಾಲೂ ಎಡದಿಂದ ಬಲಕ್ಕೆ, ಪರ್ತ್‌ನಲ್ಲೂ ಎಡದಿಂದ ಬಲಕ್ಕೆ, ಇದಕ್ಕೆ ಇನ್ನೊಂದು ರೀತಿ ಇರಬಹುದೆಂದು ನಮಗೆ ಹೊಳೆಯುವುದೇ ಇಲ್ಲ, ನಾವು ಕಲ್ಲನ್ನೂ ಪುಸ್ತಕ ಎಂದುಕೊಂಡವರು, ಇವರು ಕಲ್ಲನ್ನೂ ಹಗ್ಗ ಎಂದುಕೊಂಡವರು. ಹಾಗಾದರೆ ಮಗುಚಿದ್ದು ಭೂಮಿಯಲ್ಲ, ಸಾಲು, ಒಂದು ಬಿಟ್ಟು ಒಂದು ಸಾಲು ತಿರುಗಿ ಕೂತಿದೆ, ನೆಟ್ಟಗೆ ಓದಿದರೆ ಪದರಗಳೆಲ್ಲ ನೆಟ್ಟಗಿವೆ, ಮರಳು ಕೆಳಗೆ ಕೆಸರು ಮೇಲೆ, ಮಡಿಕೆ ಇಲ್ಲ, ಕಡಲಡಿಯಲ್ಲಿ ದಪ್ಪ ತಾಮ್ರ ಇಲ್ಲ, ಇರುವುದು ಹಪ್ಪಳದಂಥ ಒಂದು ಹಾಳೆ, ವಸಂತಕ್ಕೆ ಯಂತ್ರ ತಂದು ಕೊರೆದರೆ ಬರೀ ಕಪ್ಪು ಕಲ್ಲು. ಆತುರ ಬೇಡ ಸುಭದ್ರಾ, ಒಂದು ಪೆಟ್ಟಿಗೆ ನೋಡಿ ಕುಣಿಯಬೇಡ, ಹದಿನಾಲ್ಕು ತೆಗೆಸಿದೆ, ಟಕ್, ಹದಿಮೂರು, ಟಕ್, ಹನ್ನೆರಡರಲ್ಲಿ ಒಂದು ತುದಿ ಪುಡಿಯಾಗಿದೆ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹನ್ನೊಂದು, ಹತ್ತು, ಒಂಬತ್ತು, ಎಂಟು, ಎಲ್ಲವೂ ಕೂಡಿದವು, ಕೈ ಮರಗಟ್ಟಿತು, ಅನುಮಾನ ಉಳಿಯಲಿಲ್ಲ. ನನಗೆ ಹೆದರಿಕೆಯಿಲ್ಲ, ಇದನ್ನು ಬರೆಯುತ್ತೇನೆ, ಬರೆಯುವುದೋ ಬೇಡವೋ ಎಂದು ಹೊಯ್ದಾಡುವವಳು ನಾನಲ್ಲ, ಬ್ರಿಸ್ಬೇನ್‌ನಲ್ಲಿರುವ ಮಗಳು ಅಪೂರ್ವ ಫೋನಿನಲ್ಲಿ ಆಗಾಗ ಹೇಳುತ್ತಾಳೆ, ಅಮ್ಮಾ, ಯು ಆರ್ ಆಲ್ವೇಸ್ ಸೋ ಶ್ಯೂರ್, ಇಟ್ಸ್ ಸ್ಕೇರಿ, ನಾನು ಕನ್ನಡದಲ್ಲಿ ಬೈದರೆ ಅವಳು ಇಂಗ್ಲಿಷಿನಲ್ಲಿ ನಗುತ್ತಾಳೆ, ಖಚಿತವಾಗಿರುವುದೇ ನನ್ನ ಕೆಲಸ ಕಣೇ. ಕಷ್ಟ ಬರೆಯುವುದರಲ್ಲಿಲ್ಲ, ಸರ್‌ಗೆ ಹೇಳುವುದರಲ್ಲಿದೆ, ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಅವರೇ ಫೋನ್ ಮಾಡುತ್ತಾರೆ, ಪರ್ತ್‌ನಲ್ಲಿ ಆಗ ಸಂಜೆ ಆರು, ವಾಕಿಂಗ್ ಮುಗಿಸಿ ಬಂದು ಶೂ ಬಿಚ್ಚುವ ಹೊತ್ತು. ಹೇಗೆ ಹೇಳಲಿ, ಸರ್ ನೀವು ತಪ್ಪು ಮಾಡಲಿಲ್ಲ, ನಿಮಗೆ ಯಾರೂ ಹೇಳಲಿಲ್ಲ, ನಿಮ್ಮ ಜಾಗದಲ್ಲಿ ಯಾರಿದ್ದರೂ ಹಾಗೇ ಓದುತ್ತಿದ್ದರು, ಇದು ನಿಜವೂ ಹೌದು, ಅವರನ್ನು ಮಾತಿನಲ್ಲಿ ಎತ್ತಿ ಹಿಡಿಯುವುದು ನನಗೆ ಗೊತ್ತು, ಅಡಿಲೇಡ್‌ನಲ್ಲಿ ಅವರೇ ವೇದಿಕೆಗೆ ಹತ್ತಿ, ನೋಡಿ, ನನ್ನ ಶಿಷ್ಯೆ ನನ್ನ ತಪ್ಪು ಹಿಡಿದಿದ್ದಾಳೆ ಎಂದು ಹೇಳಲಿ, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ಆಂಟಿ ನವಿಲು ಬಣ್ಣದ ಸೀರೆಯನ್ನೇ ಉಡಲಿ, ಹೌದು, ಹೀಗೇ ಮಾಡಿಸುತ್ತೇನೆ. ಓಡ್ವಾರ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಬ್ರೆಡ್ಡಿನ ಮೇಲೆ ಕಂದು ಬಣ್ಣದ ಚೀಸ್ ಹೆರೆದು ಕೊಟ್ಟ, ಉಪ್ಪು ಬಿದ್ದ ಧಾರವಾಡ ಪೇಡದ ರುಚಿ, ಎರಡು ತುಂಡು ತಿಂದೆ, ಮನಸ್ಸು ಹಗುರವಾಗಿತ್ತು, ಹಾಂ, ಇನ್ನು ಏಳನೆಯದು ತಾ ಎಂದೆ.

ಮುಚ್ಚಳ ತೆಗೆದ. ಕಪ್ಪು ಕಲ್ಲಿನ ಮೇಲೆ ಹಳದಿ ಗೆರೆ. ಉಳಿದ ಯಾವ ಪೆಟ್ಟಿಗೆಯಲ್ಲೂ ಇಲ್ಲ, ಇದರಲ್ಲಿ ಮಾತ್ರ, ಮೇಣದ ಪೆನ್ಸಿಲಿನ ಗೆರೆ, ಮೊದಲ ಸಾಲಿನ ಉದ್ದಕ್ಕೂ, ನಡುನಡುವೆ ಒಂದೇ ಬದಿಗೆ ಮುಳ್ಳಿರುವ ಅರ್ಧ ಬಾಣ, ಇದು ಯಾರ ಕೈ ಎಂದು ನನಗೆ ಯಾರೂ ಹೇಳಬೇಕಿಲ್ಲ, ನಾನೂ ಹೀಗೇ ಎಳೆಯುತ್ತೇನೆ, ಅವರಿಂದ ಕಲಿತೇ ಎಳೆಯುತ್ತೇನೆ, ಬಾಣದ ಮೂತಿ ಯಾವಾಗಲೂ ಆಳದ ಕಡೆಗೆ. ಮೊದಲ ಸಾಲಿನಲ್ಲಿ ಬಾಣ ಬಲಕ್ಕೆ. ಎರಡನೆಯ ಸಾಲಿನಲ್ಲಿ ಎಡಕ್ಕೆ. ಎಡಕ್ಕೆ — ಕನ್ನಡಕ ಒರೆಸಿ ನೋಡಿದೆ, ಎಡಕ್ಕೇ, ಮೊದಲ ಸಾಲಿನ ಬಲತುದಿಯ ತುಂಡನ್ನು ಎರಡನೆಯದರ ಬಲತುದಿಗೆ ಹಿಡಿದೆ, ಟಕ್, ಗೆರೆಯೂ ಕೂಡಿತು, ಕಲ್ಲು ಒಡೆದ ಕಡೆ ನಿಲ್ಲದೆ ಗೆರೆ ಇಲ್ಲಿಂದ ಅಲ್ಲಿಗೆ ದಾಟಿದೆ, ಎರಡು ತುಂಡನ್ನೂ ಕೂಡಿಸಿ ಹಿಡಿದುಕೊಂಡೇ ಎಳೆದ ಗೆರೆ, ಮತ್ತೆ ಎಡತುದಿಯಲ್ಲಿ ಮೂರನೆಯ ಸಾಲಿಗೆ ದಾಟಿದೆ, ಬಾಣ ಬಲಕ್ಕೆ ತಿರುಗಿದೆ, ನಾಲ್ಕು ಬೆರಳಗಲ ಹೋಗಿದೆ, ನಿಂತಿದೆ. ತುಂಡಿನ ತುದಿಯಲ್ಲಲ್ಲ, ನಡುವೆ. ಅಲ್ಲೊಂದು ದಪ್ಪ ಚುಕ್ಕಿ, ಪೆನ್ಸಿಲು ಒತ್ತಿಕೊಂಡು ನಿಂತು, ನಿಂತು, ಆಮೇಲೆ ಎತ್ತಿದ ಚುಕ್ಕಿ. ಗೆರೆಯ ಬುಡದಲ್ಲಿ ತಾರೀಖು, ಯಾವ ಗುರುತು ಹಾಕಿದರೂ ಪಕ್ಕದಲ್ಲಿ ತಾರೀಖು ಹಾಕಬೇಕು ಎಂದು ಕಲಿಸಿದವರೂ ಅವರೇ, ಹದಿನಾಲ್ಕು ಮಾರ್ಚ್ ಎಂಬತ್ತೊಂಬತ್ತು. ಆ ಲೇಖನ ನನಗೆ ಬಾಯಿಪಾಠ, ಮೊದಲ ಪುಟದ ಅಡಿಯಲ್ಲಿ ಸಣ್ಣಕ್ಷರ, ಪತ್ರಿಕೆಗೆ ತಲುಪಿದ್ದು ಎರಡು ಮಾರ್ಚ್, ಹನ್ನೆರಡು ದಿನ, ಅಂಚೆಗೆ ಹಾಕಿದ ಮೇಲೆ ತಿಳಿದಿದೆ, ಸರಿ, ತಿಳಿದ ಮೇಲೆ ಇನ್ನೊಂದು ಕಾಗದ ಬರೆಯಲು ಏನಾಗಿತ್ತು, ಒಂದು ಸಾಲು, ದಯವಿಟ್ಟು ಅಚ್ಚು ಹಾಕಬೇಡಿ, ಬರೆಯಲಿಲ್ಲ, ಮೂವತ್ತಾರು ವರ್ಷ ಬರೆಯಲಿಲ್ಲ. ಸಿಟ್ಟು ಬಂತು, ನಿಜವಾದ ಸಿಟ್ಟು, ಈ ಕಲ್ಲನ್ನು ಎತ್ತಿ ಕಡಲಿಗೆಸೆಯುವಷ್ಟು, ನಾನು ಆ ಮಡಿಕೆಯನ್ನು ಎಷ್ಟು ಜನಕ್ಕೆ ಪಾಠ ಹೇಳಿದ್ದೇನೆ, ಸೀರೆಯ ನಿರಿಗೆ ಹಿಡಿದು ತೋರಿಸಿದ್ದೇನೆ. ಪರ್ತ್‌ಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ನಾನು ಎರಡು ತುಂಡು ಕೂಡಿಸದೆ ವರದಿ ಬರೆದಿದ್ದೆ, ಸರ್ ಕೈಯಲ್ಲಿದ್ದ ಟೀ ಮಗ್ಗನ್ನು ಗೋಡೆಗೆ ಎಸೆದರು, ಕೂಡಿಸ್ದೆ ಹೇಗ್ ಬರ್ದೆ, ಹೇಗ್ ಬರ್ದೆ ಹೇಳು, ಎಂದು ಕೂಗಿದರು, ಎರಡು ತುಂಡಿಗೆ ಇಷ್ಟು ಕೋಪವೇ ಎಂದು ಆವತ್ತು ಕಾರಿನಲ್ಲಿ ಕೂತು ಅತ್ತೆ, ಈಗ ಗೊತ್ತಾಯಿತು, ಬೈದದ್ದು ನನಗಲ್ಲ. ಗೊತ್ತಾದರೆ ಸಿಟ್ಟು ಹೋಗುತ್ತದೆ ಎಂದುಕೊಂಡೆ, ಹೋಗಲಿಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತು, ಪಾಪ ಎನ್ನಬೇಕೆನ್ನಿಸುವಂಥದ್ದು, ಗಣಿಯಿಂದ ದಿನಕ್ಕೊಬ್ಬರು ಮನೆಗೆ ಹೋಗುತ್ತಿದ್ದ ಕಾಲ, ಬಸುರಿ ಹೆಂಡತಿ, ನಲವತ್ತು ವಯಸ್ಸು, ಈ ಉಗ್ರಾಣ, ಈ ಚಳಿ, ಮೂರನೆಯ ಸಾಲು, ನಾಲ್ಕು ಬೆರಳು, ಪೆನ್ಸಿಲು ನಿಂತಿತು. ಆಮೇಲೆ ಮುಚ್ಚಳ ಹಾಕಿ ಊಟಕ್ಕೆ ಹೋಗಿರಬೇಕು, ಆಲೂಗಡ್ಡೆ, ಕೆಂಪು ಪುಡಿ. ಒರೆಸಬಹುದಿತ್ತಲ್ಲ, ಮೇಣದ ಗೆರೆ, ಸೀಮೆಎಣ್ಣೆ ಬಟ್ಟೆಯಲ್ಲಿ ಒಂದು ಸಲ ಉಜ್ಜಿದರೆ ಹೋಗುತ್ತದೆ, ಒರೆಸಿಲ್ಲ.

ಫೋನು ಬರುತ್ತದೆ ಎಂದು ಗೊತ್ತಿದ್ದೂ ಬಂದಾಗ ಬೆಚ್ಚಿಬಿದ್ದೆ, ಹನ್ನೆರಡಕ್ಕೆ ಎರಡು ನಿಮಿಷ ಮುಂಚೆ, ಓಡ್ವಾರ್ ಟೋಪಿ ಸರಿಮಾಡಿಕೊಂಡು ಕಟ್ಟೆಯ ಕಡೆ ನಡೆದ, ಮಾತು ಕೇಳಿಸಿಕೊಳ್ಳಬಾರದು ಎಂಬ ಮರ್ಯಾದೆ, ಕನ್ನಡ ಅವನಿಗೆಲ್ಲಿ ಬರುತ್ತದೆ. ಏನಮ್ಮಾ ಸುಭದ್ರಾ, ಊಟ ಆಯ್ತಾ, ಚಟ್ನಿಪುಡಿ ಏರ್‌ಪೋರ್ಟಲ್ಲಿ ಕಿತ್ಕೊಂಡ್ರಾ ಅಂತ ಇವಳು ಕೇಳ್ತಿದ್ದಾಳೆ. ಇಲ್ಲ ಸರ್, ಕೇಳೋರೇ ಇರ್ಲಿಲ್ಲ. ಹಿಂದಿನಿಂದ ಆಂಟಿಯ ದನಿ, ಕಿವಿಗೆ ಏನಾದ್ರೂ ಕಟ್ಕೊಂಡಿದ್ದಾಳಾ ಕೇಳ್ರಿ, ಅಲ್ಲಿ ಗಾಳಿ ಕೆಟ್ಟದ್ದು. ಕಟ್ಕೊಂಡಿದೀನಿ ಅಂತ ಹೇಳಿ ಸರ್. ನಲ್ಲಿಯ ಸದ್ದು, ಪಾತ್ರೆಯ ಸದ್ದು, ಟೀವಿಯಲ್ಲಿ ಯಾರೋ ಫುಟ್ಬಾಲಿಗೆ ಕೂಗುತ್ತಿದ್ದಾರೆ, ಆ ಮನೆಯ ಅಡುಗೆಮನೆಗೇ ಇರುವ ಬೆಳಕು ನನಗೆ ಇಲ್ಲಿಂದಲೇ ಕಾಣುತ್ತದೆ. ಸುತ್ತಿ ಬಳಸಿ ಹೇಳಿದರೆ ನನಗೇ ಆಗುವುದಿಲ್ಲ, ಸರ್, ಪೆಟ್ಟಿಗೆ ನೋಡ್ದೆ, ಕೂಡಿಸ್ದೆ. ಹೂಂ. ಸರ್, ಮಡಿಕೆ ಇಲ್ಲ. ಹೇಳಿಬಿಟ್ಟೆ, ಎತ್ತಿ ಹಿಡಿಯುವ ಮಾತುಗಳನ್ನೆಲ್ಲ ಜೋಡಿಸಿಕೊಂಡಿದ್ದೆನಲ್ಲ, ಯಾರಿದ್ದರೂ ಹಾಗೇ ಓದುತ್ತಿದ್ದರು, ವೇದಿಕೆ, ಚಪ್ಪಾಳೆ, ಅವು ಏಳನೆಯ ಪೆಟ್ಟಿಗೆಗೆ ಮುಂಚಿನ ಮಾತುಗಳು, ಈಗ ಒಂದೂ ಬಾಯಿಗೆ ಬರಲಿಲ್ಲ, ಸಾಲುಗಳು ಒಂದು ಬಿಟ್ಟು ಒಂದು ತಿರುಗಿವೆ ಸರ್, ಎಂಟು ಪೆಟ್ಟಿಗೆ ಕೂಡ್ಸಿದೀನಿ, ಶುಕ್ರವಾರ ಬರೀತೀನಿ, ಇಷ್ಟೇ ಹೇಳಿದೆ. ಅವರು ಇಲ್ಲ ಎನ್ನಲಿಲ್ಲ, ಸರಿಯಾಗಿ ನೋಡಿದ್ಯಾ ಎನ್ನಲಿಲ್ಲ, ಎರಡು ಸಲ ನೋಡು ಎನ್ನಲಿಲ್ಲ, ಇಪ್ಪತ್ತಾರು ವರ್ಷದಲ್ಲಿ ನನ್ನ ಒಂದು ಮಾತನ್ನೂ ಪ್ರಶ್ನಿಸದೆ ಬಿಡದವರು. ಟೀವಿ ದೂರವಾಯಿತು, ಜಾರುಬಾಗಿಲು ಎಳೆದ ಸದ್ದು, ಬಾಲ್ಕನಿಗೆ ಬಂದಿದ್ದಾರೆ, ಗಾಳಿ, ಅಲ್ಲಿಯ ಗಾಳಿ ಅವರ ಫೋನಿನಲ್ಲಿ, ಇಲ್ಲಿಯ ಗಾಳಿ ನನ್ನ ಫೋನಿನಲ್ಲಿ, ಎರಡೂ ಸೇರಿ ಬರೀ ಗಾಳಿ. ಸಂಕೇತ್ ಕೂಡಿಸುವುದಿಲ್ಲ, ಫೋಟೋ ತೆಗೆಯುತ್ತಾನೆ, ಮುಚ್ಚಳ ಹಾಕುತ್ತಾನೆ, ಅದು ಸರ್‌ಗೆ ಗೊತ್ತು, ನಾನು ಕೂಡಿಸದೆ ಬಿಡುವವಳಲ್ಲ ಎಂದೂ ಗೊತ್ತು, ಗೊತ್ತಿದ್ದೇ ಸುಭದ್ರಾನೇ ಹೋಗ್ಲಿ, ಮೇಜಿನ ಮೇಲೆ ಬಿದ್ದ ಆ ಅಂಗೈ. ಏಳನೇದೂ ತೆಗ್ದ್ಯಾ ಎಂದರು. ತೆಗ್ದೆ ಸರ್.  ಆಮೇಲೆ, ನಾನು ಒಮ್ಮೆಯೂ ಕೇಳದ ಒಂದು ಸಣ್ಣ ದನಿ, ಗೆರೆ ಇನ್ನೂ ಇದೆಯಾ ಎಂದಿತು, ಬಾಯಿ ತೆರೆದೆ, ಇದೆ ಸರ್ ಎನ್ನಬೇಕು, ಎನ್ನುತ್ತೇನೆ, ಇದೆ, ನೋಡುತ್ತಿದ್ದೇನೆ, ಮೊದಲ ಸಾಲು ದಾಟಿ ತಿರುಗಿದೆ, ಎರಡನೆಯದು ದಾಟಿ ತಿರುಗಿದೆ, ಮೂರನೆಯದರಲ್ಲಿ ನಾಲ್ಕು ಬೆರಳು, ಆಮೇಲೆ ಚುಕ್ಕಿ, ಒತ್ತಿ ನಿಂತ ಹಳದಿ ಚುಕ್ಕಿ, ಅದರಾಚೆ ಕಪ್ಪು ಕಲ್ಲು, ಚುಕ್ಕಿ,